ಬಾಗಿಲ ಮೇಲಿನ ಸುಳ್ಳು ತೂಕ

ಆ ವಾಹನದ ಬಾಗಿಲ ಮೇಲೆ ನೀವು ಸುಳ್ಳು ತೂಕ ಬರೆಸಿದಿರಿ. ಸುಳ್ಳೆಂದು ತಿಳಿದ ಮೇಲೂ ಅಳಿಸಲಿಲ್ಲ. ಕೊನೆಗೆ ಅದರ ಭಾರವನ್ನೆಲ್ಲ ಒಬ್ಬ ಚಾಲಕನ ಹೆಸರಿನ ಮೇಲೆ ಹೇರಿ ಕಡತ ಮುಚ್ಚಿದಿರಿ. ಸಂಚಾರಿ ನೇತ್ರ ತಪಾಸಣಾ ವಾಹನ ನಡೆಸುವ ಟ್ರಸ್ಟಿನ ಪದಾಧಿಕಾರಿಗಳೇ, ನಿಮ್ಮ ವರದಿಯಲ್ಲಿ 'ಚಾಲಕ' ಎಂಬ ಮೂರಕ್ಷರವಾಗಿ ಉಳಿದಿರುವ ಮನುಷ್ಯ ಯಾರೆಂದು ನಿಮಗೆ ಗೊತ್ತಿಲ್ಲ. ನನಗೆ ಗೊತ್ತು.

ಅವರ ಬಲಗೈ ಹೆಬ್ಬೆರಳು ಚಪ್ಪಟೆಯಾಗಿತ್ತು. ಹರೆಯದಲ್ಲಿ ಲಾರಿಯೊಂದರ ಜಾಕು ಜಾರಿ ಅದರ ಮೇಲೆ ಕೂತಿತ್ತಂತೆ. ಉಗುರು ಮತ್ತೆ ಬೆಳೆದಿರಲಿಲ್ಲ. ಪ್ರತಿ ಬೆಳಿಗ್ಗೆ ಆ ಉಗುರಿಲ್ಲದ ಬೆರಳಿನಿಂದಲೇ ಅವರು ಆರೂ ಗಾಲಿಗಳ ಟೈರುಗಳ ಪಕ್ಕೆ ಒತ್ತಿ ನೋಡುತ್ತಿದ್ದರು, ವೈದ್ಯರು ಹೊಟ್ಟೆ ಒತ್ತಿ ನೋಡುವ ಹಾಗೆ. ಆಮೇಲೆ ಚಹಾ. ನಾವೆಲ್ಲ ಅವರನ್ನು ಚಾಚಾ ಎನ್ನುತ್ತಿದ್ದೆವು. ಮನೆ ಕೋಟೆಯ ಪಕ್ಕದ ಓಣಿಯಲ್ಲಿ. ಮೂವತ್ತು ವರ್ಷ ತೊಗರಿ ಲಾರಿ ಓಡಿಸಿ, ಸೊಂಟ ಸೋತ ಮೇಲೆ ನಮ್ಮ ವಾಹನಕ್ಕೆ ಬಂದಿದ್ದರು.

ವಾಹನ ಎಂದೆನಲ್ಲ, ಅದೊಂದು ಮನೆಯೇ. ಹಳ್ಳಿಗಳಲ್ಲಿ ಎರಡು ಮೂರು ದಿನ ತಂಗಬೇಕಾಗುತ್ತಿದ್ದರಿಂದ ಅದರೊಳಗೆ ನಾಲ್ಕು ಮಲಗುವ ಹಲಗೆ, ಅಡುಗೆ ಕಟ್ಟೆ, ಶೌಚಾಲಯ, ಐನೂರು ಲೀಟರಿನ ನೀರಿನ ಟ್ಯಾಂಕು, ಕಣ್ಣು ಪರೀಕ್ಷಿಸುವ ದಪ್ಪ ಕುರ್ಚಿ ಎಲ್ಲವೂ ಇದ್ದವು. ಹಿಂದೆ ಕೊಂಡಿಗೆ ಸಿಕ್ಕಿಸಿದ ಟ್ರಾಲಿಯ ಮೇಲೆ ಜನರೇಟರು. ವೈದ್ಯರು, ಅವರ ಸಹಾಯಕಿ, ಚಾಚಾ, ಶಿಬಿರಗಳ ಸಂಯೋಜಕಿಯಾಗಿದ್ದ ನಾನು; ನಾವು ನಾಲ್ವರೂ ಅದನ್ನು ಮನೆಗಾಡಿ ಎಂದೇ ಕರೆಯುತ್ತಿದ್ದೆವು.

ಚಾಚಾ ಅದರೊಳಗೆ ಮೊದಲ ಬಾರಿ ಕಾಲಿಟ್ಟ ದಿನ ನಾನು ಜೊತೆಗಿದ್ದೆ. ತೊಳೆಯಲು ಅನುಕೂಲವೆಂದು ಅಡುಗೆ ಕಟ್ಟೆಗೆ ಶಹಾಬಾದಿನ ಫರ್ಸಿಕಲ್ಲು ಹಾಕಿಸಿದ್ದಿರಿ. ಒಳಗೋಡೆಗೆ ದಾನಿಗಳ ಹೆಸರು ಕೆತ್ತಿಸಿದ ಕಪ್ಪು ಗ್ರಾನೈಟು. ಚಾಚಾ ಫಲಕವನ್ನು ಬೆರಳಿನಿಂದ ತಟ್ಟಿದರು.

"ಬೇಟಾ, ಇದು ಗಾಡಿನೋ, ಗೋರಿನೋ? ಓಡೋ ಗಾಡಿಗಿ ಯಾರರೆ ಕಲ್ಲ ಹಾಕ್ತಾರೇನು?"

ನಾನು ನಕ್ಕೆ. ಅವರು ನಗಲಿಲ್ಲ. ಬಾಗಿಲ ಮೇಲೆ ಬಣ್ಣದಲ್ಲಿ ಬರೆದಿದ್ದ ಅಂಕಿಗಳನ್ನು ನನ್ನಿಂದ ಓದಿಸಿದರು. ಖಾಲಿ ತೂಕ ಐದು ಸಾವಿರದ ಇನ್ನೂರು ಕಿಲೋ. ಎಲ್ಲ ಹೇರಿದ ಮೇಲೆ ದಾಟಬಾರದ ಒಟ್ಟು ತೂಕ ಏಳು ಸಾವಿರದ ಐನೂರು.

"ನಡುವಿಂದು ಎಷ್ಟಾತು?"

"ಎರಡು ಸಾವಿರದ ಮುನ್ನೂರು."

"ಅಷ್ಟು ಹೇರಬಹುದು ಅಂತ ಬಾಗ್ಲಾ ಹೇಳ್ತದ. ನಾ ಬಾಗ್ಲದ ಮಾತು ಕೇಳಂಗಿಲ್ಲ, ಕಾಂಟಾದ ಮಾತು ಕೇಳ್ತೀನಿ."

ಮರುದಿನ ಹುಮನಾಬಾದ್ ರಸ್ತೆಯ ಕಾಂಟಾಕ್ಕೆ, ಅಂದರೆ ಲಾರಿಗಳನ್ನು ನಿಲ್ಲಿಸಿ ತೂಗುವ ಕಬ್ಬಿಣದ ಹಾಸಿನ ಮೇಲಕ್ಕೆ, ಮನೆಗಾಡಿಯನ್ನು ಒಯ್ದರು. ಟ್ರಾಲಿ ಬಿಚ್ಚಿ, ಟ್ಯಾಂಕು ಖಾಲಿ ಮಾಡಿ, ನನ್ನನ್ನೂ ಕೆಳಗಿಳಿಸಿದರು. ತೊಗರಿ ಲಾರಿಗಳ ಸಾಲಿನಲ್ಲಿ ನಮ್ಮ ಬಿಳಿ ಗಾಡಿಯನ್ನು ಕಂಡು ಕಾಂಟಾದವನು ಕಿಟಕಿಯಿಂದ ಕೂಗಿದ: "ಏನ್ ಚಾಚಾ, ಕನ್ನಡಕಾ ತೂಗಸ್ಲಿಕ್ಕ ಬಂದೀರಿ?"

"ಝೂಟ್ ತೂಗಸ್ಲಿಕ್ಕ ಬಂದೀನಿ. ಬರದು ಕೊಡು."

ಚೀಟಿ ಹೊರಬಂತು. ಆರು ಸಾವಿರದ ಒಂಬೈನೂರ ಅರವತ್ತು. ಕಾರಣ ಆಮೇಲೆ ತಿಳಿಯಿತು: ಉದ್ಘಾಟನೆಯ ದಿನ ಹತ್ತಿರವಾಗಿತ್ತೆಂದು ಹಲಗೆ, ಕುರ್ಚಿ, ಟ್ಯಾಂಕು, ಕಲ್ಲು ಒಂದನ್ನೂ ಕೂಡಿಸುವ ಮೊದಲೇ, ಬರಿಯ ಡಬ್ಬಿಯನ್ನು ತೂಗಿಸಿ ಅದೇ ಅಂಕಿಯನ್ನು ಬಣ್ಣದವನ ಕೈಗೆ ಕೊಟ್ಟಿದ್ದಿರಿ.

ಕಾಂಟಾದ ಕಟ್ಟೆಯ ಮೇಲೆ ಕೂತು ಚಾಚಾ ನನ್ನಿಂದ ಲೆಕ್ಕ ಮಾಡಿಸಿದರು. ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿದವಳು ನಾನು; ತೂಕವೆಂದರೇನೆಂದು ಕಲಿತದ್ದು ಅಲ್ಲಿ. ಉಳಿದದ್ದು ಐನೂರ ನಲವತ್ತು ಕಿಲೋ. ಟ್ಯಾಂಕು ತುಂಬಿದರೆ ನೀರೇ ಐನೂರು.

"ಉಳೀತು ನಲವತ್ತು," ಎಂದರು ಚಾಚಾ. "ನೀನು ನಲವತ್ತ ಇದ್ದೀಯೇನು?"

"ಐವತ್ತೆರಡು."

"ಹಂಗಾರ ನೀನೂ ಹತ್ತಂಗಿಲ್ಲ, ನಾನೂ ಹತ್ತಂಗಿಲ್ಲ. ಗಾಡಿ ತಾನಾ ಹೋಗ್ಬೇಕು."

ಟ್ರಾಲಿ ತನ್ನ ಗಾಲಿಯ ಮೇಲೆ ತಾನು ಬರುತ್ತದಲ್ಲ, ಅದರ ಭಾರ ನಮಗೇಕೆ ಎಂದು ನಾನು ಕೇಳಿದೆ. ಅವರು ಟ್ರಾಲಿಯ ಮೂತಿ ತೋರಿಸಿ ಎತ್ತೆಂದರು. ಎರಡೂ ಕೈ ಹಾಕಿದರೂ ಅದು ನೆಲ ಬಿಡಲಿಲ್ಲ. "ಇಷ್ಟು ವಜನ್ ಕೊಂಡಿ ಮ್ಯಾಲ ಕುಂದರ್ತದ, ಕೊಂಡಿಯಿಂದ ಹಿಂದಿನ ಗಾಲಿಗಿ ಬರ್ತದ. ಅದೂ ನಮ್ಮ ಲೆಕ್ಕದಾಗೇ. ಮತ್ತ ಇಳಿಜಾರಿನಾಗ ಅದು ಎಳಿಸ್ಕೊಳಂಗಿಲ್ಲ ಬೇಟಾ, ದಬ್ಬತದ."

ಆ ಚೀಟಿಯನ್ನು ನಾವಿಬ್ಬರೂ ಜೇವರ್ಗಿ ಕಾಲೋನಿಯ ನಿಮ್ಮ ಕಚೇರಿಗೆ ತಂದೆವು. ನಿಮ್ಮ ವ್ಯವಸ್ಥಾಪಕರು ಅದನ್ನು ನೋಡಿದರು. ನೋಡಲಿಲ್ಲವೆಂದು ಈಗ ಹೇಳಬೇಡಿ. ಕಲ್ಲುಗಳನ್ನಾದರೂ ತೆಗೆಸಿರೆಂದು ಚಾಚಾ ಬೇಡಿದಾಗ ಸಿಕ್ಕ ಉತ್ತರ ನನ್ನ ಕಿವಿಯಲ್ಲಿದೆ: "ದಾನಿಗಳ ಹೆಸರು ಕಿತ್ತಿ ಒಗೀಲಿಕ್ಕ ಆಗ್ತದೇನ್ರೀ? ನಾಳಿ ಅವರು ಬಂದ್ರ ಏನ್ ಮಾರಿ ತೋರಸ್ಲಿ?"

ಚಾಚಾ ತಮ್ಮದೇ ಉಪಾಯ ಹೂಡಿದರು. ಟ್ಯಾಂಕು ಖಾಲಿ ಇಟ್ಟೇ ಹೊರಡುವುದು, ಊರು ಮುಟ್ಟಿದ ಮೇಲೆ ನೀರು ತುಂಬಿಸುವುದು. ಟ್ರಾಲಿ ಬೇಕಾದ ದಿನ ಕನ್ನಡಕದ ಪೆಟ್ಟಿಗೆಗಳನ್ನು ಬಸ್ಸಿಗೆ ಹಾಕಿಸುವುದು. ವೈದ್ಯರ ಪುಸ್ತಕದ ಚೀಲವನ್ನೂ ಕೈಯಲ್ಲಿ ತೂಗಿ ನೋಡುತ್ತಿದ್ದರು. "ಡಾಕ್ಟರ್ ಸಾಹೇಬ್ರ, ಇಷ್ಟೆಲ್ಲಾ ಓದಿ ಬಂದೀರಲ್ಲ, ಮತ್ಯಾಕ ಹೊತ್ಕೊಂಡು ಅಡ್ಡಾಡ್ತೀರಿ?" ಎಂದು ಅವರು ಕೇಳಿದಾಗ ವೈದ್ಯರು ನಗುತ್ತ ಚೀಲ ಇಳಿಸಿದ್ದರು. ಒಂದು ವರ್ಷ ಹೀಗೆಯೇ ನಡೆಯಿತು. ನಿಮ್ಮ ಸುಳ್ಳನ್ನು ಒಬ್ಬ ಮನುಷ್ಯ ದಿನವೂ ಕೈಯಾರೆ ತಿದ್ದುತ್ತಿದ್ದ. ನೀವು ಅದನ್ನು ವಾಹನದ ಯೋಗ್ಯತೆಯೆಂದು ತಿಳಿದಿರಿ.

ಕಮಲಾಪುರದ ಶಿಬಿರಕ್ಕೆ ದಾನಿಗಳ ಕುಟುಂಬದವರು ಬರುವವರಿದ್ದರು. ಶೌಚಾಲಯದಲ್ಲಿ ನೀರಿಲ್ಲದಿದ್ದರೆ ಮರ್ಯಾದೆ ಹೋಗುತ್ತದೆಂದು ವ್ಯವಸ್ಥಾಪಕರು ಬೆಳಿಗ್ಗೆಯೇ ಟ್ಯಾಂಕು ತುಂಬಿಸಿದ್ದರು. ಟ್ರಾಲಿ ಕೊಂಡಿಗೆ ಬಿದ್ದಿತ್ತು. ಪೆಟ್ಟಿಗೆಗಳು ಒಳಗಿದ್ದವು. ಚಾಚಾ ಟೈರು ಒತ್ತಿ ನೋಡಿ ಎದ್ದು ನಿಂತರು.

"ಸಾಹೇಬ್ರ, ನೀರ ಬೇಕಂದ್ರ ಟ್ರಾಲಿ ಬಿಡ್ರಿ. ಟ್ರಾಲಿ ಬೇಕಂದ್ರ ನೀರ ಚೆಲ್ರಿ. ಎರಡೂ ಬ್ಯಾಡ್ರಿ."

"ಗಾಡಿ ಎಳೀತದೋ ಇಲ್ಲೋ, ಅಷ್ಟು ಹೇಳ್ರಿ."

"ಎಳೀತದ್ರೀ. ನಿಂದ್ರಂಗಿಲ್ಲ."

"ನಿಮಗ ವಯಸ್ಸಾಗ್ಯಾದ ಚಾಚಾ, ಅದಕ್ಕ ಅಂಜಿಕಿ. ಬ್ಯಾರೆ ಡ್ರೈವರ್‌ಗ ಕರೀಲೇನು?"

ಚಾಚಾ ಹತ್ತಿ ಕೂತರು. ಏಕೆ ಒಪ್ಪಿದಿರಿ ಎಂದು ನಾನು ಕೇಳಿದ್ದಕ್ಕೆ ಮೆಲ್ಲಗೆ ಹೇಳಿದರು: "ಬ್ಯಾರೆಯವ ಇಳಿಜಾರಿನಾಗ ಗೇರ್ ತಪ್ಪಸಿ ಬಿಡ್ತಾನ ಬೇಟಾ. ನಾನಾ ಇರ್ತೀನಿ."

ಹೊರಡುವ ಮುನ್ನ ಸಂಯೋಜಕಿ ಸಹಿ ಮಾಡಬೇಕಾದ ಹಾಳೆಯಲ್ಲಿ 'ಭಾರ ಮಿತಿಯಲ್ಲಿದೆ' ಎಂಬ ಸಾಲಿತ್ತು. ಕಾಂಟಾದ ಚೀಟಿ ನನ್ನ ಕಡತದಲ್ಲೇ ಇತ್ತು. ನಾನು ಸಹಿ ಮಾಡಿದೆ. ನಿಮ್ಮ ಮೇಲೆ ಆರೋಪ ಹೊರಿಸುವ ಕೈ ಅದೇ ಕೈ, ಇದನ್ನು ಮುಚ್ಚಿಡುವುದಿಲ್ಲ.

ಕಮಲಾಪುರಕ್ಕೆ ಮುಂಚಿನ ಇಳಿಜಾರನ್ನು ಚಾಚಾ ಎರಡನೇ ಗೇರಿನಲ್ಲೇ ಇಳಿಸತೊಡಗಿದರು. ಅರ್ಧಕ್ಕೆ ಬರುವಷ್ಟರಲ್ಲಿ ಸುಟ್ಟ ವಾಸನೆ ಬಂತು. ಹಿಂದಿನಿಂದ ಟ್ರಾಲಿ ದಬ್ಬುವುದು ಬೆನ್ನಿಗೇ ಗೊತ್ತಾಗುತ್ತಿತ್ತು. ಅವರು ಬ್ರೇಕು ಒತ್ತುತ್ತಿದ್ದರು, ಕಾಲು ಸುಮ್ಮನೆ ಒಳಗಿಳಿಯುತ್ತಿತ್ತು. ಎದುರಿಗೆ ಶಾಲೆಯ ವಾಹನವೊಂದು ಏರಿ ಬರುತ್ತಿತ್ತು.

"ಗಟ್ಟಿ ಹಿಡ್ಕೋರಿ. ತ್ವಾಟಕ್ಕ ಇಳಸ್ತೀನಿ."

ನೀರು ಬಿಟ್ಟು ಒದ್ದೆಯಾಗಿದ್ದ ಕೆಂಪು ಬಾಳೆಯ ತೋಟ. ನಾಲ್ಕು ಸಾಲು ಗಿಡ ಮುರಿದು ಗಾಡಿ ಕೆಸರಿನಲ್ಲಿ ಹೂತು ನಿಂತಿತು. ನಿಂತ ಆ ಗಳಿಗೆಯಲ್ಲಿ ನಿಮ್ಮ ಫರ್ಸಿಕಲ್ಲು ಕಟ್ಟೆಯಿಂದ ಕಿತ್ತು ಬಂದು ಚಾಲಕನ ಆಸನದ ಬೆನ್ನಿಗೆ ಬಡಿಯಿತು. ನಮಗೆ ಮೂವರಿಗೂ ತರಚು ಗಾಯ. ಚಾಚಾ ಮೇಲೇಳಲಿಲ್ಲ.

ತೋಟದ ಒಡತಿ ಓಡಿ ಬಂದಳು. "ಅಯ್ಯಯ್ಯೋ ನನ್ನ ಬಾಳಿ!" ಎಂದವಳು ಒಳಗೆ ಇಣುಕಿದ ಮೇಲೆ ಬಾಯಿಗೆ ಸೆರಗು ಒತ್ತಿಕೊಂಡಳು. ಚಾಚಾ ಅವಳಿಗೆ ಹೇಳಿದ ಮಾತು ನನಗೆ ಸಾಯುವವರೆಗೂ ಮರೆಯದು. "ಮಾಫ್ ಮಾಡ್ರಿ ಅವ್ವಾ. ಮೆತ್ತಗಿನ ನೆಲ ನಿಮ್ಮದೇ ಕಾಣಸ್ತು."

"ಮಂದಿ ಉಳದ್ರಲ್ಲ, ಸಾಕ್ ಬಿಡಪ್ಪಾ," ಎಂದು ಅವಳು ಅವರ ತಲೆಯ ಕೆಳಗೆ ತನ್ನ ಕೈ ಇಟ್ಟಳು.

ನಿಮ್ಮ ವಿಚಾರಣಾ ವರದಿ ಒಂದೇ ಪುಟದ್ದು. 'ಚಾಲಕನ ಅತಿವೇಗ ಮತ್ತು ನಿರ್ಲಕ್ಷ್ಯ.' ಕಾಂಟಾದ ಚೀಟಿಯ ಪ್ರಸ್ತಾಪವಿಲ್ಲ. ತನಿಖೆಗೆ ಬಂದವರು ವಾಹನ ನೋಡುವ ಹೊತ್ತಿಗೆ ಟ್ಯಾಂಕು ಬರಿದಾಗಿತ್ತು, ಫರ್ಸಿಕಲ್ಲು ಮಾಯವಾಗಿತ್ತು, ಟ್ರಾಲಿ ಬೇರೆಡೆ ನಿಂತಿತ್ತು. ಗ್ರಾನೈಟಿನ ಹೆಸರುಗಳು ಮಾತ್ರ ಇದ್ದಲ್ಲೇ ಇದ್ದವು.

ಚಾಚಾ ಮತ್ತೆ ನಡೆಯಲಿಲ್ಲ. ಎಂಟು ತಿಂಗಳು ಮಂಚದ ಮೇಲೆ ಮಲಗಿದ್ದರು. ನಾನು ಹೋದಾಗಲೆಲ್ಲ ವರದಿಯ ಆ ಸಾಲನ್ನು ಓದಿಸುತ್ತಿದ್ದರು, ಎಲ್ಲಾದರೂ ಬದಲಾಗಿದೆಯೇನೋ ಎಂಬಂತೆ. "ಅತಿವೇಗ ಅಂತ ಬರಕೊಳ್ಳಲಿ, ಗಾಡಿ ಓಡಿದ್ದು ಖರೆ. ನಿರ್ಲಕ್ಷ್ಯ ಅಂತಾರಲ್ಲ ಬೇಟಾ, ಅದೊಂದು ತಗಸು," ಎಂದರು ಒಮ್ಮೆ. ಅದನ್ನು ತೆಗೆಸಲು ನಾನು ನಿಮಗೆ ಬರೆದ ಮೂರು ಪತ್ರಗಳಿಗೂ ಉತ್ತರ ಬರಲಿಲ್ಲ. ಕಳೆದ ಚಳಿಗಾಲದಲ್ಲಿ ಆ ಪದ ಹಾಗೆಯೇ ಇರುವಾಗ ಅವರು ತೀರಿಕೊಂಡರು. ಮಣ್ಣು ಕೊಡಲು ನೆರೆದವರಲ್ಲಿ ಲಾರಿ ಚಾಲಕರೇ ಹೆಚ್ಚು, ನಿಮ್ಮಲ್ಲೊಬ್ಬರೂ ಇರಲಿಲ್ಲ.

ವಾಹನ ದುರಸ್ತಿಯಾಗಿ ಮತ್ತೆ ರಸ್ತೆಗಿಳಿದಿದೆಯೆಂದು ಕೇಳಿದ್ದೆ. ಮೊನ್ನೆ ಜಗತ್ ಸರ್ಕಲ್ಲಿನಲ್ಲಿ ಅದು ಕೆಂಪು ದೀಪಕ್ಕೆ ನಿಂತಿದ್ದನ್ನು ನಾನೇ ಕಂಡೆ. ಬಾಗಿಲ ಮೇಲೆ ಹೊಸ ಬಣ್ಣ. ಅಂಕಿ ಹಳೆಯದೇ, ಐದು ಸಾವಿರದ ಇನ್ನೂರು. ಚಾಲಕನ ಸೀಟಿನಲ್ಲಿ ಮೀಸೆ ಆಗಷ್ಟೇ ಮೂಡಿದ ಯಾರೋ ಕೂತಿದ್ದರು. ಅವರಿಗೆ ಇದನ್ನು ಯಾರು ಹೇಳಿದ್ದಾರೆ?

ಆದುದರಿಂದ ಈ ಬರಹವನ್ನು ನನ್ನ ನಾಲ್ಕನೆಯ ಪತ್ರವೆಂದು ಸ್ವೀಕರಿಸಬೇಕೆಂದು ಕೋರುತ್ತೇನೆ. ಸದರಿ ವಾಹನವನ್ನು ಕಲ್ಲು, ತುಂಬಿದ ಟ್ಯಾಂಕು, ಸಿಬ್ಬಂದಿ ಹಾಗೂ ಟ್ರಾಲಿ ಸಮೇತ ಸಾರ್ವಜನಿಕರ ಎದುರು ಕಾಂಟಾದ ಮೇಲೆ ನಿಲ್ಲಿಸಿರಿ. ಆ ತೂಕ ಮಿತಿಯೊಳಗೆ ಬರುವವರೆಗೆ ಅದನ್ನು ಶಿಬಿರಗಳಿಗೆ ಓಡಿಸಬೇಡಿರಿ. ಕಾಂಟಾದ ಚೀಟಿಯನ್ನೂ ಅದನ್ನು ಕಡತದಲ್ಲಿಟ್ಟುಕೊಂಡು ನಾನು ಮಾಡಿದ ಸಹಿಯನ್ನೂ ವರದಿಗೆ ಸೇರಿಸಿ, ನನ್ನನ್ನೂ ವಿಚಾರಣೆಗೆ ಕರೆಯಿರಿ. 'ನಿರ್ಲಕ್ಷ್ಯ' ಎಂಬ ಪದವನ್ನು ಅವರ ಹೆಸರಿನ ಮುಂದಿನಿಂದ ತೆಗೆದು, ತಿದ್ದಿದ ಪ್ರತಿಯನ್ನು ಕೋಟೆಯ ಪಕ್ಕದ ಆ ಮನೆಗೆ ತಲುಪಿಸಿರಿ. ಅವರ ಪತ್ನಿ ಚಾಚಿಗೆ ಕನ್ನಡ ಓದಲು ಬರುವುದಿಲ್ಲ. ಓದಿ ಹೇಳಲು ನಾನು ಅಲ್ಲಿರುತ್ತೇನೆ.