ಅಕ್ಕೋರು ಎತ್ತಿಸಿದ ಎಂಟು ಚೀಟಿ

ಅಕ್ಕೋರ ಬಲಗೈಯ ಕಿರುಬೆರಳು ಮಡಚುತ್ತಿರಲಿಲ್ಲ. ಬೋರ್ಡಿನ ಮೇಲೆ ಬರೆಯುವಾಗ ಅದೊಂದೇ ನೆಟ್ಟಗೆ ನಿಂತಿರುತ್ತಿತ್ತು. ಐವತ್ತರ ದಶಕದ ಕೊನೆಯಲ್ಲಿ, ಸಿಂದಗಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಅವರು ನಮ್ಮ ಆರನೆಯ ತರಗತಿಗೆ ಲೆಕ್ಕ ಕಲಿಸುತ್ತಿದ್ದರು. ಉತ್ತರ ಹೇಳಿದರೆ "ಯಾಕ?" ಎನ್ನುವರು. ಉತ್ತರ ಸರಿಯಿದ್ದರೂ "ಯಾಕ?"

ಮುಂದಿನ ವರ್ಷ ಏಳನೆಯ ತರಗತಿ ತೆರೆಯಬೇಕೆಂದು ಅಕ್ಕೋರು ಅರ್ಜಿ ಹಾಕಿದ್ದರು. ತಪಾಸಣೆಗೆ ಬಂದ ಸಾಹೇಬರು ಬೇಡವೆಂದರು. ಲೆಕ್ಕದಲ್ಲಿ ಹುಡುಗಿಯರ ಸರಾಸರಿ ನೂರಕ್ಕೆ ಮೂವತ್ತು ದಾಟುವುದಿಲ್ಲವೆಂಬುದು ಅವರ ವಾದ. ಏಳನೆಯದಿಲ್ಲದಿದ್ದರೆ ಅದರ ಕೊನೆಗೆ ಬರುವ ಮುಲ್ಕಿ ಪರೀಕ್ಷೆಯಿಲ್ಲ, ಅದಿಲ್ಲದೆ ಮುಂದಿನ ಓದಿಲ್ಲ. ನಮಗೆ ಮನೆಗೆಲಸ, ಆಮೇಲೆ ಮದುವೆ.

ಹಾಗಾದರೆ ನೀವೇ ಪ್ರಶ್ನೆ ಕೊಟ್ಟು ನೋಡಿ ಎಂದರು ಅಕ್ಕೋರು. ಸಾಹೇಬರಿಗೆ ಇಂಡಿ ಊರಿನ ಬಸ್ಸು ಹಿಡಿಯುವ ಅವಸರ, ಎಲ್ಲರ ಉತ್ತರ ತಿದ್ದಲು ಹೊತ್ತಿರಲಿಲ್ಲ. ಅಕ್ಕೋರು ಎಲ್ಲರ ಹೆಸರನ್ನೂ ಚೀಟಿಗಳಲ್ಲಿ ಬರೆಸಿ, ಎಂಟನ್ನು ಸಾಹೇಬರ ಕೈಯಿಂದಲೇ ಎತ್ತಿಸಿದರು; ಆ ಎಂಟು ಮಂದಿಯಷ್ಟೇ ಉತ್ತರ ಬರೆಯಬೇಕು. ಅದರಲ್ಲಿ ಜ್ವರ ಬಂದು ಬಹಳ ದಿನ ಶಾಲೆ ತಪ್ಪಿಸಿದ್ದ ಹುಡುಗಿಯೊಬ್ಬಳ ಹೆಸರು ಬಂತು. ಅವಳ ಬದಲು ಬೇರೆಯವಳನ್ನು ಕೂರಿಸಿ ಎಂದು ನಾವು ಪಿಸುಗುಟ್ಟಿದೆವು.

"ಚೀಟಿ ಬದಲ್ ಮಾಡಿದ್ರ ಅದು ಪರೀಕ್ಷಾ ಆಗೂದಿಲ್ಲ, ತಮಾಷಾ ಆಗತೈತಿ," ಎಂದರು ಅಕ್ಕೋರು.

ಆ ಹುಡುಗಿಗೆ ಹನ್ನೊಂದು ಅಂಕ ಬಂತು. ಉಳಿದ ಏಳು ಮಂದಿ ಐವತ್ತು, ಅರವತ್ತರ ನಡುವೆ ಇದ್ದರು. ಎಂಟೂ ಸೇರಿ ಸರಾಸರಿ ಐವತ್ತಕ್ಕೆ ತುಸು ಕಡಿಮೆ. ಎಂಟೇ ಜನ, ಇದು ಅದೃಷ್ಟವೂ ಇರಬಹುದಲ್ಲ ಎಂದರು ಸಾಹೇಬರು.

"ಇರಬಹುದ್ರಿ," ಅಕ್ಕೋರು ದನಿ ಏರಿಸಲಿಲ್ಲ. "ಎಂಟು ಮಂದಿಯಿಂದ ಇಡೀ ವರ್ಗದ ಸರಾಸರಿ ಇಷ್ಟ ಅಂತ ನಾ ಹೇಳಾಂಗಿಲ್ಲ. ಆದ್ರ ಅದು ಖರೇನ ಮೂವತ್ತ ಇದ್ರ, ಕಣ್ಣು ಮುಚ್ಚಿ ಎತ್ತಿದ ಚೀಟಿಯೊಳಗ ಇಂಥಾ ಏಳು ಮಂದಿ ಕೂಡಿ ಸಿಗೂದು ಬಾಳ ಅಪರೂಪರಿ. ಸಂಶಯ ಇದ್ರ ಮತ್ತ ಎಂಟು ಎತ್ರಿ."

ಸಾಹೇಬರು ಮತ್ತೆ ಎತ್ತಲಿಲ್ಲ. ಉತ್ತರಗಳನ್ನು ಇನ್ನೊಮ್ಮೆ ತಿರುವಿ ನೋಡಿ, ಅರ್ಜಿಗೆ ಸಹಿ ಹಾಕಿದರು. ಮರುದಿನದಿಂದ ಅಕ್ಕೋರು ಆ ಜ್ವರದ ಹುಡುಗಿಯನ್ನು ಶಾಲೆ ಬಿಟ್ಟ ಮೇಲೆ ತಮ್ಮ ಮನೆಗೆ ಕರೆದೊಯ್ದು ಪಾಠ ಹೇಳಿದರು.

ಅಕ್ಕೋರು ತೀರಿಕೊಂಡದ್ದು ನಾಲತವಾಡದ ತಮ್ಮನ ಮನೆಯಲ್ಲಿ. ಆಗ ನಾನು ಬಸವನ ಬಾಗೇವಾಡಿಯಲ್ಲಿ ಗಣಿತದ ಶಿಕ್ಷಕಿ. ಸುದ್ದಿ ತಿಳಿದು ಹೋಗುವಷ್ಟರಲ್ಲಿ ಮಣ್ಣು ಮಾಡುವುದು ಮುಗಿದಿತ್ತು. ಅಂದಿನ ಎಂಟು ಮಂದಿಯಲ್ಲಿ ನೀವೂ ಒಬ್ಬರೇ ಎಂದು ಅವರ ತಮ್ಮ ಕೇಳಿದರು. ಅಲ್ಲವೆಂದೆ. ನನ್ನ ಚೀಟಿಯನ್ನು ಯಾರೂ ಎತ್ತಿರಲಿಲ್ಲ. ಆದರೂ ಏಳನೆಯ ತರಗತಿಯ ಬಾಗಿಲು ನನಗೂ ತೆರೆದಿತ್ತು.