ತಪಾಸಣೆಯಕ್ಕ ಮತ್ತು ಸೋಯಾ ಬೇರಿನ ಗಂಟು

“ಅಳಿಯಂದ್ರು ಕೊಟ್ಟ ಪೊಟ್ಟಣ ಬಿಚ್ಚಿದ್ರೆ ಒಳಗೆ ಇದ್ದಿಲಿನಂಥ ಕಪ್ಪು ಪುಡಿ. ಮೂಸಿ ನೋಡ್ದೆ, ಒದ್ದೆ ಮಣ್ಣಿನ ವಾಸನೆ. ಅಳಿಯಂದ್ರು ಹೇಳ್ತಾರೆ, ಇದ್ರಲ್ಲಿ ಕಣ್ಣಿಗೆ ಕಾಣದ ಜೀವಾಣು ಕೋಟಿಗಟ್ಲೆ ಇದಾವಂತೆ, ಬೇರಲ್ಲಿ ಮನೆ ಮಾಡ್ಕೊಂಡು ಗಾಳಿಯಿಂದ್ಲೇ ಗೊಬ್ಬರ ಮಾಡ್ತಾವಂತೆ. ಸೋಯಾ ನಮ್ಮ ಮಣ್ಣಿಗೆ ಹೊಸದು, ಅದಕ್ಕೆ ಒಗ್ಗೋ ಜೀವಾಣು ಇಲ್ಲಿಲ್ಲ, ಬೀಜಕ್ಕೆ ನಾವೇ ಅಂಟಿಸಿ ಬಿತ್ಬೇಕಂತೆ. ಸರಿ, ಸಕ್ಕರೆ ನೀರಲ್ಲಿ ಕಲಸಿ ಬಿಸಿಲಿಗೆ ಹರಡ್ತೀನಿ ಅಂದೆ. ಅಯ್ಯೋ ಬೇಡ ಅತ್ತೆ, ಬಿಸಿಲು ತಾಗಿದ್ರೆ ಸತ್ತೋಗ್ತಾವೆ, ನೆರಳಲ್ಲಿ ಆರಿಸಿ ಅಂದ್ರು. ಅಲ್ವೇ, ಬಿಸಿಲಿಗೆ ಸಾಯೋರನ್ನ ಯಾರಾದ್ರೂ ಹೊಲದ ಕೆಲಸಕ್ಕೆ ಕರೀತಾರಾ? ನಾಳೆ ಬೆಳೆ ಬರ್ದಿದ್ರೆ, ನೀವೇ ಬಿಸಿಲು ತಾಗ್ಸಿರ್ಬೇಕು ಅಂತಾರೆ. ತಪ್ಪಿಸ್ಕೊಳ್ಳೋಕೆ ಬಾಗಿಲು ಮೊದ್ಲೇ ತೆಗೆದಿಟ್ಟಿದಾರೆ.”

ಪಕ್ಕದ ಮನೆಯ ನನ್ನ ಗೆಳತಿ ಹೀಗೆ. ಹಾಲಿನವನ ಕ್ಯಾನಿಗೆ ಬೆರಳದ್ದಿ ನೋಡುವವಳು, ಟೈಲರ್ ಹೊಲಿದ ಗುಂಡಿಯನ್ನು ಅವನ ಎದುರಿಗೇ ಎಳೆದು ನೋಡುವವಳು. ಬೀದಿಯವರೆಲ್ಲ ತಪಾಸಣೆಯಕ್ಕ ಎನ್ನುತ್ತಾರೆ. ಗಂಡ ತೀರಿಕೊಂಡ ಮೇಲೆ ಮನೆಯ ಹಿಂದಿನ ಹೊಲ ಅವಳ ಕೈಯಲ್ಲೇ ಇತ್ತು. ಕಳೆದ ವರ್ಷ ಬದನೆಯ ಬೇರಿಗೆ ಗಂಟುರೋಗ ಬಂದು ಗಿಡವೆಲ್ಲ ಬಾಡಿಹೋಯಿತು. ಈ ಬೆಳೆಯೂ ಕೈಕೊಟ್ಟರೆ ಹೊಲವನ್ನು ಮೈದುನನಿಗೆ ಬಿಡುವುದೆಂದು ಮನೆಯಲ್ಲಿ ಮಾತಾಗಿತ್ತು.

ಗೊಣಗುತ್ತಲೇ ಪುಡಿ ಹಚ್ಚಿ ಸೋಯಾ ಬಿತ್ತಿ ನಲವತ್ತು ದಿನವಾಗಿರಬೇಕು. ಬೆಳಿಗ್ಗೆ ಅವಳು ಒಂದು ಗಿಡ ಕಿತ್ತು ನೋಡಿದಳು. ಬೇರಿನ ತುಂಬ ಗಂಟು! ಕೂಗು ಕೇಳಿ ನಾನು ಹೋಗುವಷ್ಟರಲ್ಲಿ, ರೋಗ ಹರಡದಿರಲೆಂದು ಅರ್ಧ ಸಾಲನ್ನೇ ಕಿತ್ತು ಹಾಕಿದ್ದಳು. ಬೇಡವೆಂದರೂ ಕೈ ನಿಲ್ಲಲಿಲ್ಲ. ಅವಳ ಮಗಳಿಗೆ ಫೋನ್ ಮಾಡಿದೆ. ಬೀಜದಂಗಡಿ ಇಟ್ಟಿರುವ ಅಳಿಯ ಬೈಕ್ ಹತ್ತಿ ಬಂದೇಬಿಟ್ಟ.

“ಅತ್ತೆ, ನಿಲ್ಸಿ!”

“ಮಗಳನ್ನ ಕೊಟ್ಟಿದ್ದು ಸಾಲ್ದು ಅಂತ ಹೊಲಾನೂ ನಿಮ್ಮ ಕೈಗೆ ಕೊಟ್ನಲ್ಲಪ್ಪ!”

“ರೋಗದ ಗಂಟಾದ್ರೆ ಬೇರು ತಾನೇ ಊದ್ಕೊಂಡಿರುತ್ತೆ, ಬಿಡಿಸೋಕಾಗಲ್ಲ. ಇದು ನೋಡಿ, ಉಗುರು ತಾಗಿದ್ರೆ ಉದುರುತ್ತೆ.” ಗಂಟೊಂದನ್ನು ಸೀಳಿ ತೋರಿಸಿದ. ಒಳಗೆ ಕೆಂಪು. “ಕೆಂಪಗಿದ್ರೆ ಜೀವಾಣು ದುಡೀತಾ ಇದಾವೆ ಅಂತ.”

“ಉಗುರಿಗೆ ಏನು ಹಚ್ಕೊಂಡು ಬಂದಿದೀರೋ. ಕೈ ತೊಳ್ಕೊಳ್ಳಿ ಅಳಿಯಂದ್ರೇ.”

ತೊಳೆದ. ಅದೂ ಸಾಲದು. ಅವಳೇ ಹೊಲದ ನಡುವಿನಿಂದ ಒಂದು ಗಿಡ ಅಗೆದು, ಬೇರು ತೊಳೆದು, ಅಡುಗೆಮನೆಯ ಚಾಕುವಿನಿಂದ ಗಂಟು ಸೀಳಿದಳು. ಅದೂ ಕೆಂಪು.

ಚಾಕು ಹಿಡಿದೇ ಬೇಲಿಯ ಮೂಲೆಗೆ ನಡೆದಳು. ಅಲ್ಲಿ ಎರಡು ಸಾಲು ಗಿಡ ಹಳದಿಗಟ್ಟಿ ಕುಳ್ಳಗಿದ್ದವು. ಒಂದನ್ನು ಕಿತ್ತಳು. ಬೇರು ಬೋಳು.

“ಇದ್ಯಾಕತ್ತೆ ಹೀಗಿದೆ?”

“ಇದಕ್ಕೆ ನಿಮ್ಮ ಪುಡಿ ಹಾಕಿಲ್ಲ. ನಿಮ್ಮ ಸುಳ್ಳು ಹಿಡಿಯೋಣ ಅಂತ ಬಿಟ್ಟಿದ್ದೆ.”

ಅಳಿಯ ನಗಲು ಹೊರಟವನು ಅವಳ ಮುಖ ನೋಡಿ ಕೆಮ್ಮಿದ.

“ನನ್ನ ಮೈದುನ ಸಿಕ್ಕಿದ್ರೆ ಹೇಳ್ಬಿಡೇ, ಹೊಲ ಬಿಡಲ್ವಂತೆ ಅಂತ,” ಎಂದಳು ನನಗೆ. “ಹಂಗಂತ ಕಾಯಿ ಕಟ್ಟೋವರ್ಗೂ ಈ ಅಳಿಯಂದ್ರನ್ನ ನಾನು ನಂಬಲ್ಲ.”

ಬೈಕಿನ ಸದ್ದು ಬೀದಿ ದಾಟುವಷ್ಟರಲ್ಲಿ ಅವಳು ಕಿತ್ತ ಗಿಡಗಳ ಮಣ್ಣು ಕೊಡವಿ ಎತ್ತಿನ ಮುಂದೆ ಹಾಕಿ, ಬೆಳಗಿನ ಪಾತ್ರೆಗಳನ್ನು ನಲ್ಲಿಯ ಕೆಳಗೆ ಗುಡ್ಡೆ ಮಾಡಿಕೊಂಡು ತಿಕ್ಕಲು ಕೂತಳು.