ಮೊದಲ ಈಡು

ಹಿರೇಗುತ್ತಿಯ ವಿನೋದನನ್ನು ಹೊರಗಿನಿಂದ ನೋಡಿದವರು ಪಾಪದ ಪ್ರಾಣಿ ಎಂದುಕೊಳ್ಳುತ್ತಿದ್ದರು. ಕುಮಟೆಯ ಕಂಪ್ಯೂಟರ್ ಕ್ಲಾಸಿನಲ್ಲಿ ಮಾಸ್ತರಿಕೆ, ದಪ್ಪ ಕನ್ನಡಕ, ಎರಡು ಮಾತಿಗೆ ಒಂದು ಮಾತು. ಆದರೆ ಸಿಟ್ಟು ಮೂಗಿನ ತುದಿಯಲ್ಲೇ ಕೂತಿರುತ್ತಿತ್ತು. ಯಾರೋ ಅವನ ಪ್ರೋಗ್ರಾಮನ್ನು ಅಳಿಸಿಹಾಕಿದರೆಂದು ಒಮ್ಮೆ ಕೀಬೋರ್ಡನ್ನೇ ಎತ್ತಿ ಗೋಡೆಗೆ ಅಪ್ಪಳಿಸಿದ್ದ. ಆ ಮನೆಯ ರಕ್ತವೇ ಅಂಥದ್ದು. ಅವನ ಅಣ್ಣ ಪಾಂಡುವಂತೂ ಮೊದಲು ಹೊಡೆದು ಆಮೇಲೆ ಕಾರಣ ಹೇಳುವವನು. ಅವರಿಬ್ಬರ ತಾಯಿ ಗಣಪಿ, ಗಂಡುಮಕ್ಕಳ ಜಗಳ ಬಿಡಿಸಲು ಒನಕೆ ಹಿಡಿದೇ ಮುದುಕಿಯಾದವಳು.

ತೊಂಬತ್ತೆಂಟರ ಬೇಸಿಗೆಯಲ್ಲಿ ಊರವರು ಹಿಂದಿನ ಗುಡ್ಡಕ್ಕೆ ಹಂದಿ ಬೇಟೆಗೆ ಹೋದರು. ಬೇಟೆಯಾಡಬಾರದು ಎಂಬ ಕಾನೂನು ಬಂದು ಎಷ್ಟೋ ಕಾಲವಾಗಿತ್ತು. ಗೆಣಸಿನ ಗದ್ದೆ ಅಗೆಯುವ ಹಂದಿಗೆ ಅದು ಗೊತ್ತಿರಲಿಲ್ಲ, ಊರವರಿಗೆ ಗೊತ್ತಿದ್ದೂ ಬೇಕಿರಲಿಲ್ಲ. ಕೋವಿ ಇದ್ದವರು ಗುಡ್ಡದ ನೆತ್ತಿಯಲ್ಲಿ ಸಾಲಾಗಿ ಕೂತರು. ಇಲ್ಲದವರು ಕೆಳಗಿನಿಂದ ಕೂಗು ಹಾಕುತ್ತ, ಡಬ್ಬ ಬಡಿಯುತ್ತ ಹಂದಿಯನ್ನು ಮೇಲಕ್ಕೆ ಅಟ್ಟಿಕೊಂಡು ಬಂದರು. ಅವರಿಗೆ ಸೋವಿನವರು ಎಂದು ಹೆಸರು. ವಿನೋದ ಸೋವಿನಲ್ಲಿದ್ದ.

ಹಂದಿಗೆ ಮೊದಲು ತಗಲಿದ ಈಡು, ಅಂದರೆ ಗುಂಡು, ಯಾರದೋ ಅವನಿಗೆ ತಲೆ ಮತ್ತು ಹಿಂದಿನ ತೊಡೆ ಸೇರಬೇಕು. ಮಾಂಸ ನೆಪಕ್ಕೆ, ಹೆಸರು ಮುಖ್ಯ. ಹಂದಿ ಬಿದ್ದ ಮೇಲೆ ಹಿರಿಯನೊಬ್ಬ ಕೋವಿ ಸಾಲಿನ ಎಡತುದಿಯಿಂದ ಒಬ್ಬೊಬ್ಬರನ್ನೇ ಕೂಗಿ ಕೇಳುವುದು ಪದ್ಧತಿ. ಯಾರು ಮೊದಲು "ನಂದು" ಅನ್ನುತ್ತಾನೋ ಅವನ ಮಾತು ನಿಲ್ಲುತ್ತದೆ. ಸೋವಿನವರನ್ನು ಯಾರೂ ಕೇಳುವುದಿಲ್ಲ. ಪೊದೆಯೊಳಗೆ ಮುಳ್ಳು ಗೀರಿಸಿಕೊಂಡು ಬಂದವರಿಗೆ ಏನು ಗೊತ್ತು ಎಂದು ಎಲ್ಲರ ಲೆಕ್ಕ.

ಆ ದಿನ ಎಡಗಡೆ ಕೂತಿದ್ದವನು ಪಾಂಡು. ಕೇಳಿದ ಕೂಡಲೇ "ನಂದು" ಎಂದ. ಅವನ ಬಲಕ್ಕೆ ಕೂತಿದ್ದ ವೆಂಕ್ಟ್ರಮಣ ಎದ್ದು ಬಂದು, "ಸುಳ್ಳ್ ಹೇಳ್ಬೇಡ. ನಂದು ಮೊದ್ಲು" ಎಂದ. ಹಂದಿಯ ಮೈಮೇಲೆ ಎರಡು ತೂತುಗಳಿದ್ದವು. ಪಾಂಡು ಕೋವಿಯ ಹಿಡಿಯಿಂದ ವೆಂಕ್ಟ್ರಮಣನ ಬಾಯಿಗೆ ಗುದ್ದಿದ. ಹಲ್ಲು ಮುರಿದು ರಕ್ತ ಉಗುಳಿದ ವೆಂಕ್ಟ್ರಮಣ ಹಂದಿ ಕಡಿಯಲು ತಂದಿದ್ದ ಕತ್ತಿಯನ್ನು ಬೀಸಿದ. ಏಟು ಪಾಂಡುವಿನ ಬಲಗೈಯ ಮಣಿಕಟ್ಟಿಗೆ ಬಿತ್ತು. ಹಂದಿಯ ಪಕ್ಕದಲ್ಲೇ ಪಾಂಡು ಕೆಡೆದ. ಬೇಟೆಯ ಸುದ್ದಿ ಹೊರಬಿದ್ದರೆ ಎಲ್ಲರಿಗೂ ಕೋಳ ಬೀಳುತ್ತದೆಂದು ಆಸ್ಪತ್ರೆಯಲ್ಲಿ ತೆಂಗಿನಮರ ಹತ್ತುವಾಗ ಕತ್ತಿ ತಗಲಿತೆಂದು ಕತೆ ಹೇಳಿದರು. ನರ ತುಂಡಾದ ಕೈ ಮತ್ತೆ ಏಳಲೇ ಇಲ್ಲ.

ಆಮೇಲೆ ಪಾಂಡು ಎಡಗೈಯಲ್ಲಿ ಉಣ್ಣತೊಡಗಿದ. ಎಡಗೈಯಲ್ಲಿ ಅನ್ನ ಕಲಸುವ ಮಗನನ್ನು ನೋಡಲಾರದೆ ಗಣಪಿ ಬಡಿಸಿದವಳೇ ಒಳಗೆ ಹೋಗುತ್ತಿದ್ದಳು. "ನನ್ ಕೈಗೆ ಅವನ ಕೈ. ಜೈಲಾದ್ರೆ ಆಗ್ಲಿ" ಎಂದು ಪಾಂಡು ಊರಿಗೆಲ್ಲ ಕೇಳುವಂತೆ ಹೇಳಿದ. ಹೇಳಿದ್ದನ್ನು ಮಾಡುವವನೇ. ಒಂದು ಸಲ ಹೊನ್ನಾವರದ ಬಸ್‌ಸ್ಟ್ಯಾಂಡಿನಲ್ಲಿ ವೆಂಕ್ಟ್ರಮಣನನ್ನು ಅಟ್ಟಿಸಿಕೊಂಡು ಹೋಗಿ, ಅಡ್ಡ ಬಂದ ಕಂಡಕ್ಟರನ ತಲೆ ಒಡೆದು ಬಂದ. ವಿನೋದನಿಗೆ ಅಣ್ಣನನ್ನು ಜೈಲಿನಿಂದ ಉಳಿಸುವುದು ಬಿಟ್ಟು ಬೇರೆ ಚಿಂತೆಯೇ ಇರಲಿಲ್ಲ.

ಹೀಗೇ ಎರಡು ವರ್ಷ ಕಳೆದ ಮೇಲೆ, ಅಣ್ಣನ ಸಿಟ್ಟು ಪರದೆಯ ಮೇಲಾದರೂ ಕರಗಲಿ ಎಂದು ಅವನು ಕ್ಲಾಸಿನ ಹಳೆಯ ಡಾಸ್ ಮಷೀನಿನಲ್ಲಿ ಒಂದು ಆಟ ಬರೆದ. ಚಿತ್ರವಿಲ್ಲ, ಬಣ್ಣವಿಲ್ಲ, ಕಪ್ಪು ಪರದೆಯ ಮೇಲೆ ಬರೀ ಅಕ್ಷರ. ಚುಕ್ಕೆಗಳೆಲ್ಲ ಹುಲ್ಲು, ಗೆರೆಗಳೆಲ್ಲ ಮರ. ಎಡಗಡೆ ಒಬ್ಬ ಕೋವಿಯವನು, ಬಲಗಡೆ ಇನ್ನೊಬ್ಬ, ಇಬ್ಬರಿಗೂ ಒಂದೇ ಕೀಬೋರ್ಡಿನ ಎರಡು ತುದಿಯಲ್ಲಿ ಒಂದೊಂದು ಕೀ. ಯಾವುದೋ ಪೊದೆಯಿಂದ ಇಂಗ್ಲಿಷಿನ ಎಚ್ ಅಕ್ಷರದ ಹಂದಿ ನುಗ್ಗುತ್ತದೆ. ಅದು ಕಾಣುವ ಮೊದಲೇ ಒತ್ತಿದರೆ ಅದು ತಿರುಗಿಬಿದ್ದು ನಿಮ್ಮ ಹೊಟ್ಟೆ ಸೀಳುತ್ತದೆ, ತಡಮಾಡಿದರೂ ಸೀಳುತ್ತದೆ. ಸರಿಯಾಗಿ ಹೊಡೆದರೆ ಪರದೆ ತುಂಬ ನಕ್ಷತ್ರದ ಗುರುತು ಚೆಲ್ಲಿ, ಮೊದಲ ಈಡು ಯಾರದೆಂದು ಕೆಳಗೆ ಬರುತ್ತದೆ. ಕ್ಲಾಸಿನ ಹುಡುಗರು ಹುಚ್ಚು ಹಿಡಿದಂತೆ ಆಡಿದರು. ಪಾಂಡುವೂ ಬಂದು ಎಡಗೈಯಲ್ಲಿ ಆಡಿದ, ಹಂದಿ ಬಿದ್ದಾಗೆಲ್ಲ ಮೇಜು ಗುದ್ದಿ ನಕ್ಕ.

ಸುದ್ದಿ ವೆಂಕ್ಟ್ರಮಣನಿಗೂ ಮುಟ್ಟಿತು. ಒಂದು ಮಧ್ಯಾಹ್ನ ಅವನೇ ಕ್ಲಾಸಿಗೆ ಬಂದು ಬಾಗಿಲಲ್ಲಿ ನಿಂತ.

"ನಂಗೂ ಸಾಕಾತು ಮಾರಾಯ. ಯಾವಾಗ್ಲೂ ಬೆನ್ನ ಹಿಂದೆ ನೋಡ್ತಾ ತಿರ್ಗೂದು ಒಂದ್ ಬಾಳಾ? ನಿನ್ ಮಷೀನೇ ಹೇಳ್ಲಿ. ಪಾಂಡುಂದು ಮೊದ್ಲು ಅಂತಾದ್ರೆ ನಾ ಅವನ ಕೈ ಕಡ್ದದ್ದು ಅನ್ಯಾಯ. ನನ್ ಕೈ ಅವಂಗೆ ಕೊಡ್ತೆ."

ಪಾಂಡು ಒಪ್ಪಿದ. "ನಾ ಸೋತ್ರೆ ಕತ್ತಿ ಕೆಳಗಿಡ್ತೆ. ಗೆದ್ರೆ ಅಂವ ಹೇಳ್ದಂಗೆ."

ಬೇರೆ ಕಡೆಯವರು ಕೇಳಿದರೆ ನಗುತ್ತಾರೆ. ಆದರೆ ನಮ್ಮವರಿಗೆ ದೇವರ ಮೈಮೇಲೆ ಹೂ ಅಂಟಿಸಿ, ಯಾವ ಕಡೆಯ ಹೂ ಬೀಳುತ್ತದೆಂದು ಕಾದು ಕೂತು ಅಭ್ಯಾಸ. ಗಡಿ ತಕರಾರಿನಿಂದ ಹಿಡಿದು ಮದುವೆಯ ತನಕ ಹಾಗೆ ಕೇಳಿಯೇ ತೀರ್ಮಾನ. ಮಷೀನೂ ಅದೇ ಜಾತಿಯದೆಂದು ಎಲ್ಲರೂ ನಂಬಿಬಿಟ್ಟರು, ಅದಕ್ಕೆ ಅಣ್ಣನಿಲ್ಲ, ತಮ್ಮನಿಲ್ಲ. ಕೈ ಕೊಡುವ ಮಾತನ್ನು ವಿನೋದ ಬಾಯಿಮಾತೆಂದು ತಿಳಿದ. ಯಾರೇ ಗೆಲ್ಲಲಿ, ಜಗಳವೊಂದು ತೀರಿದರೆ ಸಾಕಿತ್ತು ಅವನಿಗೆ.

ಕುಮಟೆಯಲ್ಲಿ ಆಡಿಸಿದರೆ ಎರಡೂ ಕಡೆಯವರು ದೊಣ್ಣೆ ಹಿಡಿದು ಬರುವುದು ಖಂಡಿತ. ಅದಕ್ಕೆ ಯಾರ ಗುರುತೂ ಇಲ್ಲದ ಭಟ್ಕಳ ಆಯಿತು. ಅಲ್ಲಿ ವಿನೋದನ ಗೆಳೆಯ ಗಿರೀಶನದೊಂದು ಕಂಪ್ಯೂಟರ್ ಸೆಂಟರ್ ಇತ್ತು. ಅವನ ಮಷೀನುಗಳಲ್ಲಿ ಡಾಸ್ ಇರಲಿಲ್ಲ, ಪತ್ರಿಕೆಯ ಜೊತೆ ಪುಕ್ಕಟೆ ಬಂದ ಸಿಡಿಯಿಂದ ಲಿನಕ್ಸ್ ಎಂಬ ಬೇರೆಯೇ ಆಪರೇಟಿಂಗ್ ಸಿಸ್ಟಂ ಹಾಕಿಕೊಂಡಿದ್ದ. ವಿನೋದನ ಆಟ ಅಲ್ಲಿ ಏಳಲೇ ಇಲ್ಲ. ಡಾಸಿನಲ್ಲಿ ಕೀ ಒತ್ತಿದ ಕ್ಷಣವೇ ಪ್ರೋಗ್ರಾಮಿಗೆ ತಿಳಿಯುತ್ತಿತ್ತು. ಇಲ್ಲಿ ಕೀಬೋರ್ಡು, ಪರದೆಗಳನ್ನು ನೋಡಿಕೊಳ್ಳುವ ಟರ್ಮಿನಲ್ ಎಂಟರ್ ಒತ್ತುವ ತನಕ ಒಂದು ಅಕ್ಷರವನ್ನೂ ಒಳಗೆ ಬಿಡುತ್ತಿರಲಿಲ್ಲ, ಒತ್ತಿದ್ದನ್ನೆಲ್ಲ ಪರದೆಯ ಮೇಲೂ ಚೆಲ್ಲುತ್ತಿತ್ತು. ವಿನೋದ ಬೈದ, ಮೇಜು ಒದ್ದ, ಹೆಬ್ಬೆರಳಿನ ಉಗುರು ಕಿತ್ತುಕೊಂಡ. ಕೊನೆಗೆ ಕೂತು ಆಟವನ್ನು ಹಂದಿ ಸೀಳುವಂತೆ ಎರಡು ಸೀಳು ಮಾಡಿದ. ಬೇಟೆಯದೆಲ್ಲ ಒಂದು ಫೈಲು. ಕೀ ಓದುವುದು, ಪರದೆ ಒರೆಸುವುದು, ಹೊತ್ತು ನೋಡುವುದು, ಹೀಗೆ ಮಷೀನಿಗೆ ಸೇರಿದ್ದೆಲ್ಲ ಇನ್ನೊಂದು ಫೈಲು. ಬೇಟೆಯ ಫೈಲು ಎಲ್ಲ ಕಡೆಗೂ ಒಂದೇ. ಮಷೀನಿನ ಫೈಲು ಮಾತ್ರ ಡಾಸಿಗೆ ಒಂದು, ಲಿನಕ್ಸಿಗೆ ಒಂದು. ಮಷೀನಿನ ಫೈಲಿಗೆ ಬೇಟೆಯ ಸುದ್ದಿ ಗೊತ್ತಿರಬಾರದು ಎಂದು ಅವನೇ ಮಾಡಿದ ಕಟ್ಟಳೆ.

ಆ ಕಟ್ಟಳೆಯನ್ನು ಮುರಿದವನೂ ಅವನೇ. ಲಿನಕ್ಸಿನ ಫೈಲಿನಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಬಂದ ಕೀಗಳನ್ನೆಲ್ಲ ಒಟ್ಟುಮಾಡಿಕೊಂಡು, ಆಮೇಲೆ ಯಾರು ಒತ್ತಿದರೆಂದು ನೋಡಬೇಕಿತ್ತು. ಬಂದ ಕ್ರಮದಲ್ಲೇ ನೋಡುವುದು ಬಿಟ್ಟು ಎಡಗಡೆಯವನನ್ನು ಮೊದಲು ಕೇಳಿದ. ಒತ್ತಿದ್ದರೆ ಈಡು ಅವನದು, ಬಲಗಡೆಯವನ ಸರದಿ ಆಮೇಲೆ. ಹುಟ್ಟಿದಂದಿನಿಂದ ಗುಡ್ಡದ ಮೇಲೆ ಕೇಳಿದ ಕೂಗು ಅದು. ಕೈ ತಾನಾಗಿ ಹಾಗೆ ಬರೆಯಿತು, ತಪ್ಪೆಂದು ತೋಚಲೂ ಇಲ್ಲ.

ಆಟದ ದಿನ ಗಿರೀಶ ಉಳಿದ ಗಿರಾಕಿಗಳನ್ನು ಕಳಿಸಿ ಬಾಗಿಲು ಹಾಕಿದ. ಒಳ್ಳೆಯ ಕೈ ಎಡಗೈಯಾದ್ದರಿಂದ ಪಾಂಡು ಎಡಕ್ಕೆ ಕೂತ, ವೆಂಕ್ಟ್ರಮಣ ಬಲಕ್ಕೆ. ಐದು ಹಂದಿ ಎಂದು ಮಾತಾಗಿತ್ತು. ಮೊದಲನೆಯದು ವೆಂಕ್ಟ್ರಮಣನಿಗೆ ಬಿತ್ತು. ಪಾಂಡುವಿನ ಕಣ್ಣು ಕೆಂಪಾಯಿತು. ಮುಂದಿನ ಎರಡರಲ್ಲಿ ಇಬ್ಬರ ಬೆರಳೂ ಒಟ್ಟೊಟ್ಟಿಗೆ ಇಳಿದವು, ಎರಡೂ ಪಾಂಡುವಿಗೆ ಹೋದವು. ನಾಲ್ಕನೆಯ ಹಂದಿ ನುಗ್ಗಿದಾಗ ವಿನೋದ ಪರದೆ ನೋಡುತ್ತಿರಲಿಲ್ಲ, ಬೆರಳು ನೋಡುತ್ತಿದ್ದ. ವೆಂಕ್ಟ್ರಮಣನ ಬೆರಳು ಕೂದಲೆಳೆಯಷ್ಟು ಮೊದಲು ಇಳಿಯಿತು. ಪರದೆಯ ಮೇಲೆ ಪಾಂಡುವಿನ ಹೆಸರೇ ಬಂತು. ಐದರಲ್ಲಿ ಮೂರು ಅವನದಾಯಿತು.

ವೆಂಕ್ಟ್ರಮಣ ಉಸಿರು ಬಿಟ್ಟ. "ಆತು" ಎಂದು ಬಲಗೈಯನ್ನು ಮೇಜಿನ ಮೇಲಿಟ್ಟ. ಪಾಂಡು ಕಾಲಬುಡದ ಚೀಲಕ್ಕೆ ಕೈಹಾಕಿ ಕತ್ತಿ ತೆಗೆದ. ಹೊಸದಾಗಿ ಮಸೆದು ತಂದಿದ್ದ. ಅದನ್ನು ಕಂಡದ್ದೇ ತಡ ಗಿರೀಶ ಹಿಂಬಾಗಿಲಿನಿಂದ ಓಡಿಹೋದ.

"ನಿಲ್ಲ್ ಅಣ್ಣ! ಅದು ಸುಳ್ಳು!" ವಿನೋದ ಇಬ್ಬರ ನಡುವೆ ನುಗ್ಗಿ ಕೀಬೋರ್ಡಿನ ಮೇಲೆ ಎರಡೂ ಕೈಯಿಟ್ಟ. "ನೋಡು. ನಾ ಬಲಗಡೆದು ಮೊದ್ಲು ಒತ್ತುತೆ." ಹಂದಿ ನುಗ್ಗಿತು. ಅವನು ಬಲದ ಕೀ ಒತ್ತಿ, ಅದರ ಬೆನ್ನಿಗೇ ಎಡದ್ದನ್ನು ಒತ್ತಿದ. ಮೊದಲ ಈಡು ಎಡಗಡೆಯವನದೆಂದು ಬಂತು. ಮತ್ತೆ ಒತ್ತಿದ, ಮತ್ತೆ ಅದೇ. "ನಾ ಬರ್ದದ್ದೇ ತಪ್ಪು. ನೀ ಗೆದ್ದದ್ದಲ್ಲ ಅಣ್ಣ, ನಾ ಗೆಲ್ಸಿದ್ದು. ಇನ್ನೊಂದ್ ದಿನ ಸರಿಮಾಡಿ..."

"ಯಾರ ಕಡೇಂವನೋ ನೀನು?" ಎಂದು ಪಾಂಡು ಅಬ್ಬರಿಸಿದ. ಕತ್ತಿ ಇಳಿಯಿತು. ವೆಂಕ್ಟ್ರಮಣ ಕೈ ಎಳೆದುಕೊಂಡಿರಲಿಲ್ಲ, ಆದರೆ ಏಟು ಅವನಿಗೆ ಬೀಳಲಿಲ್ಲ. ಎಡದ ಕೀಯ ಮೇಲಿದ್ದ ವಿನೋದನ ಕೈಗೆ ಬಿತ್ತು. ಕೀಬೋರ್ಡು ಸೀಳಿತು, ಎರಡು ಬೆರಳು ಅದರ ಜೊತೆಗೇ ಹೋದವು. ಎರಡನೆಯ ಏಟಿಗೆ ಪಾಂಡು ಕೈ ಎತ್ತಿದಾಗ ವೆಂಕ್ಟ್ರಮಣ ಮಾನಿಟರನ್ನೇ ಎತ್ತಿ ಅವನ ಎದೆಗೆ ಎಸೆದ. ಗಾಜು ಒಡೆದ ಸದ್ದಿಗೆ ಬೀದಿಯವರು ಬಾಗಿಲು ಬಡಿಯತೊಡಗಿದರು, ಪಾಂಡು ಹಿಂದಿನಿಂದ ಪಾರಾದ. ವೆಂಕ್ಟ್ರಮಣ ತನ್ನ ಶಾಲು ಸುತ್ತಿ ವಿನೋದನನ್ನು ಹೆಗಲ ಮೇಲೆ ಹಾಕಿಕೊಂಡು ಆಸ್ಪತ್ರೆಗೆ ಓಡಿದ.

ಪೊಲೀಸರು ಬರುವಷ್ಟರಲ್ಲಿ ಪಾಂಡುವೂ ಆಸ್ಪತ್ರೆಗೆ ಬಂದು ನಿಂತಿದ್ದ. ಓಡಿಹೋದರೆ ಗುಮಾನಿ ತನ್ನ ಮೇಲೆ ಬರುತ್ತದೆಂಬ ಬುದ್ಧಿ ಅವನಿಗಿತ್ತು. ಮೈಯೆಲ್ಲ ರಕ್ತ ಮೆತ್ತಿಕೊಂಡು ಕೂತಿದ್ದ ವೆಂಕ್ಟ್ರಮಣನ ಕಡೆ ಬೆರಳು ಮಾಡಿ, "ಇಂವನೇ. ನನ್ ಕೈ ಕಡ್ದಂವನೂ ಇಂವನೇ" ಎಂದ. ಅರ್ಧ ನಿಜವಿದ್ದ ಸುಳ್ಳು ಬೇಗ ಹತ್ತಿಕೊಂಡಿತು. ಅಂಗಡಿ ಮುಚ್ಚಿಸಿಯಾರೆಂದು ಹೆದರಿದ ಗಿರೀಶ ತಾನು ಒಳಗಿರಲೇ ಇಲ್ಲ ಎಂದುಬಿಟ್ಟ. ಪೊಲೀಸರು ವೆಂಕ್ಟ್ರಮಣನನ್ನು ಆಸ್ಪತ್ರೆಯ ಅಂಗಳದಲ್ಲೇ ಕೆಡವಿ ಬೂಟುಗಾಲಲ್ಲಿ ತುಳಿದರು. ವಿನೋದನಿಗೆ ಇದ್ಯಾವುದೂ ತಿಳಿಯಲಿಲ್ಲ, ಅವನಿಗೆ ಮತ್ತಿನ ಮದ್ದು ಕೊಟ್ಟಿದ್ದರು.

ಬೆಳಿಗ್ಗೆ ಕಣ್ಣು ಬಿಟ್ಟಾಗ ತಲೆದೆಸೆಯಲ್ಲಿ ಗಣಪಿ ಕೂತಿದ್ದಳು. ಪಾಂಡು ಕಿಟಕಿಯ ಹತ್ತಿರ ನಿಂತಿದ್ದ.

"ಫೌಜದಾರರು ಬತ್ತರು, ಮಗಾ" ಎಂದಳು ಗಣಪಿ ತಗ್ಗಿದ ದನಿಯಲ್ಲಿ. "ವೆಂಕ್ಟ್ರಮಣ ಅಂದ್ಬಿಡು. ಅಂವ ಒಂದ್ಸಲ ಕಡ್ದಂವ ಹೌದೇ ಅಲ್ದಾ? ನಿನ್ ಬೆರಳಂತೂ ಹೋತು, ಅಣ್ಣನ್ನಾದ್ರೂ ಉಳ್ಸು."

ಫೌಜದಾರರು ಬಂದರು. ಹಿಂದೆ ಇಬ್ಬರು ಪೊಲೀಸರು ವೆಂಕ್ಟ್ರಮಣನನ್ನು ತೋಳು ಹಿಡಿದು ತಂದರು. ಮುಖ ಊದಿ ಒಂದು ಕಣ್ಣು ಮುಚ್ಚಿಹೋಗಿತ್ತು. ತೆರೆದಿದ್ದ ಇನ್ನೊಂದು ಕಣ್ಣಿನಿಂದ ವಿನೋದನ ಕೈಯ ಪಟ್ಟಿ ನೋಡಿದ. ಅಣ್ಣ ಜೈಲಿಗೆ ಹೋಗಬಾರದೆಂದೇ ವಿನೋದ ಇಷ್ಟೆಲ್ಲ ಮಾಡಿದ್ದ. ಆದರೆ ಸುಳ್ಳಿನಿಂದ ಅಣ್ಣನನ್ನು ಒಮ್ಮೆ ಗೆಲ್ಲಿಸಿ ಆಗಿತ್ತು.

"ಕಡಿದದ್ದು ಇವನೇನೋ?" ಎಂದು ಫೌಜದಾರರು ಕೇಳಿದರು.

"ಅಲ್ಲ. ನನ್ ಅಣ್ಣ."

ಗಣಪಿ ಎದ್ದು ಅವನ ಕೆನ್ನೆಗೆ ಬಾರಿಸಿದಳು. ಕನ್ನಡಕ ಹಾರಿಹೋಯಿತು. ಇನ್ನೊಂದಕ್ಕೆ ಕೈ ಎತ್ತಿದವಳು, ಎತ್ತಿದ ಕೈಯಿಂದಲೇ ಬಾಯಿ ಮುಚ್ಚಿಕೊಂಡು ಕುಸಿದು ಕೂತಳು. ಪೊಲೀಸರು ವೆಂಕ್ಟ್ರಮಣನನ್ನು ಬಿಟ್ಟು ಪಾಂಡುವನ್ನು ಹಿಡಿದರು. ಅವನು ಒದ್ದಾಡಲಿಲ್ಲ. ಮಂಚದ ಹತ್ತಿರ ಬಂದಾಗ ಮಾತ್ರ ಕಾಲೂರಿ ನಿಂತ.

"ಒಂದ್ ಹೇಳು" ಎಂದ ತಮ್ಮನಿಗೆ. "ಆ ದಿವಸ ಗುಡ್ಡದಲ್ಲಿ ನೀ ಸೋವಿನಲ್ಲಿ ಇದ್ದೆ. ಹಂದಿ ಹಿಂದೇ ಇದ್ದೆ. ಯಾರ್ ಈಡು ಮೊದ್ಲು ಕೇಳ್ತು?"

ವಿನೋದ ಕನ್ನಡಕವಿಲ್ಲದ ಕಣ್ಣಿನಿಂದ ಅವನನ್ನು ನೋಡಿದ.

"ಎರಡೂ ಒಂದೇ ಸಲ ಅಣ್ಣ."

ಪಾಂಡುವಿನ ಜೋಲುಬಿದ್ದ ಬಲಗೈಯನ್ನು ಎತ್ತಿ ಪೊಲೀಸರು ಕೋಳ ಹಾಕುತ್ತಿದ್ದರು. ಅವನು ಅದರ ಕಡೆ ನೋಡಲೂ ಇಲ್ಲ.

"ಮತ್ತೆ ಇಷ್ಟ್ ವರ್ಷ ಯಾಕ್ ಹೇಳ್ಲಿಲ್ಲ?"

"ಸೋವಿನವರ್ನ ಯಾರೂ ಕೇಳೂದಿಲ್ಲ ಅಲ್ದಾ" ಎಂದ ವಿನೋದ.